ಬೆಲ್ಲದ ಗುಳಿಗೆ

ಆ ಸದ್ದು ಮತ್ತೆ ಕೇಳಿಸಿತು.

ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಚನ್ನವೀರಪ್ಪ ತಂಬಿಗೆ ಹಿಡಿದುಕೊಂಡೇ ಕಿವಿಗೊಟ್ಟ. ಹಿತ್ತಲ ಕಟ್ಟೆಯ ಕಡೆಯಿಂದ ಬರುತ್ತಿತ್ತು: ಕರ್, ಕರ್, ಕರ್. ಕಾಳು ಬಿಡಿಸಿದ ಗೋವಿನಜೋಳದ ದಿಂಡಿನಿಂದ ಅಂಗಾಲು ತಿಕ್ಕುವ ಸದ್ದು. ದಸರೆಯ ಹೊತ್ತಿಗೆ ಅದು ನಿಂತುಹೋಗಿತ್ತು. ಈಗ ಎಳ್ಳಮಾವಾಸ್ಯೆ ಹತ್ತಿರ ಬಂದಿದೆ. ಅಲ್ಲಿಂದ ಇಲ್ಲಿಯವರೆಗೆ ಅವನು ಹೊಟ್ಟೆತುಂಬ ಉಂಡಿದ್ದ, ಕಣ್ತುಂಬ ನಿದ್ದೆ ಮಾಡಿದ್ದ. ಸದ್ದು ಕೇಳಿದ್ದೇ ತಡ ತಂಬಿಗೆ ಕೆಳಗಿಟ್ಟು ಕೂಗಿದ.

“ಬಸವ್ವಾ, ಏನ್ ಮಾಡಾಕತ್ತೀ ಅಲ್ಲಿ?”

“ಏನಿಲ್ರಿ. ಕಾಲಿಗೆ ಕೆಸರು ಹತ್ತಿತ್ತು, ತೊಳಕೊಳ್ಳಾಕತ್ತೇನಿ.”

ಹೋಗಿ ನೋಡಿದರೆ ಹೆಂಡತಿ ಶಿವಬಸವ್ವನ ಕಾಲು ಒಣಗಿದ್ದವು. ಕಟ್ಟೆಯ ಮೇಲೆ ತಂಬಿಗೆಯೂ ಇರಲಿಲ್ಲ, ನೀರೂ ಇರಲಿಲ್ಲ. ದಿಂಡನ್ನು ಸೆರಗಿನಡಿ ಮುಚ್ಚಿಕೊಂಡಿದ್ದಳು, ಅಂಗಾಲಿನ ಕೆಂಪು ಗೀರುಗಳನ್ನು ಮುಚ್ಚಿಕೊಳ್ಳಲು ಆಗಿರಲಿಲ್ಲ. ಚನ್ನವೀರಪ್ಪ ನೋಡಿಯೂ ನೋಡದವನಂತೆ ಒಳಗೆ ಬಂದ. ಔಷಧ ಸೋತಿತು, ಇನ್ನು ಮುಂದೆ ಔಷಧವೇ ಇಲ್ಲ ಎಂಬುದೊಂದೇ ಮಾತು ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು.

ಹಿರೇಕೆರೂರಿನ ಒಂದು ದಲಾಲಿ ಅಂಗಡಿಯಲ್ಲಿ ಹತ್ತಿ ನೋಡುವುದು ಅವನ ಕೆಲಸ. ಹತ್ತಿ ತುಂಬಿದ ಅಂಡಿಗೆ ಚೀಲದೊಳಗೆ ತೋಳುದ್ದ ಕೈ ಇಳಿಬಿಟ್ಟು ಒಂದು ಹಿಡಿ ಹತ್ತಿ ಎಳೆದು, ಬೆರಳಲ್ಲಿ ಹಿಂಜಿ, ಇದರೊಳಗೆ ನೀರು ಹೊಡೆದಿದ್ದಾರೆ, ಇದರ ಅಡಿಗೆ ಹಳೇ ಹತ್ತಿ ತುಂಬಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಊರವರ ಮೋಸವನ್ನೆಲ್ಲ ಕೈಯಿಂದಲೇ ಹಿಡಿಯುವ ಈ ಮನುಷ್ಯ, ಐದು ತಿಂಗಳಿಂದ ಹೆಂಡತಿಗೆ ದಿನಕ್ಕೆ ಮೂರು ಸಲ ಮೋಸ ಮಾಡುತ್ತಿದ್ದ. ಹೆಂಡತಿಗೆ ಸುಳ್ಳು ಹೇಳುವುದರಲ್ಲಿ ಗಂಡಸರು ಬಲು ಜಾಣರೆಂದು ಗಂಡಸರೇ ನಂಬಿಕೊಂಡಿದ್ದಾರೆ. ಹೆಂಗಸರನ್ನು ಯಾರೂ ಕೇಳಿಲ್ಲ.

ಬೇನೆ ಶುರುವಾಗಿ ಮೂರು ವರ್ಷವಾಗಿತ್ತು. ಮೊದಲಿಗೆ ಬರೀ ತುರಿಕೆ. ಮೈಮೇಲೆ ಒಂದು ಗುಳ್ಳೆಯಿಲ್ಲ, ಗಂಧೆಯಿಲ್ಲ; ಅಂಗೈ ಅಂಗಾಲು ಮಾತ್ರ ರಕ್ತ ಬರುವಷ್ಟು ತುರಿಸುತ್ತಿದ್ದವು. ಆಮೇಲೆ ಕಣ್ಣಿನ ಬಿಳಿ ಹಳದಿಗೆ ತಿರುಗಿತು. ನೋಡಿದವರು ಕಾಮಣಿ ಎಂದರು. ಕಾಮಣಿ ಎಂದಮೇಲೆ ಔಷಧ ಹೇಳುವವರಿಗೆ ಬರವೇ? ಸವಣೂರಿನ ಹಕೀಮರ ಕಷಾಯವಾಯಿತು. ಹಾನಗಲ್ಲಿನ ಕಡೆಯ ಒಬ್ಬರು ಮುಂಗೈಗೆ ಬರೆ ಹಾಕಿದರು. ಶಿಗ್ಗಾವಿಯಲ್ಲಿ ಒಬ್ಬ ಮೂಗಿಗೆ ಯಾವುದೋ ಸೊಪ್ಪಿನ ರಸ ಹಿಂಡಿದ. ಆಕೆ ಮೂರು ದಿನ ಬಿಡದೆ ಸೀನಿದಳು. ಕಾಮಣಿ ಹೋಗಲಿಲ್ಲ, ಮೂಗು ಮಾತ್ರ ಚೊಕ್ಕಟವಾಯಿತು.

ಕೊನೆಗೆ ಹಂಸಭಾವಿಯ ಹುಸೇನಬಿಯ ಎಲೆಯ ಉಂಡೆಯೂ ಆಯಿತು. ಹುಸೇನಬಿ ಎಂದರೆ ಆ ಸೀಮೆಯಲ್ಲಿ ಕಾಮಣಿಯ ಔಷಧಕ್ಕೆ ಇನ್ನೊಂದು ಹೆಸರು. ಅತ್ತೆಯಿಂದ ಕಲಿತ ವಿದ್ಯೆ. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಮೂರು ಭಾನುವಾರ, ಬರಿಹೊಟ್ಟೆಯಲ್ಲಿ, ಮೂಡಣಕ್ಕೆ ಮುಖ ಮಾಡಿ ನಿಂತವರ ಅಂಗೈಗೆ ಅರೆದ ಎಲೆಯ ಹಸಿರು ಉಂಡೆ ಇಡುತ್ತಿದ್ದಳು. ಯಾವ ಎಲೆ ಎಂದು ಕೇಳುವಂತಿಲ್ಲ. ಔಷಧದ ಹೆಸರನ್ನು ಬಾಯಿಬಿಟ್ಟರೆ ಅದರ ಗುಣ ಹೋಗುತ್ತದೆ. ಕೊಟ್ಟವರು ಹೇಳಬಾರದು, ತಗೊಂಡವರು ಕೇಳಬಾರದು. ಶಿವಬಸವ್ವನೂ ಕೇಳಲಿಲ್ಲ. ಮೂರು ಭಾನುವಾರ ಕಳೆದರೂ ಕಣ್ಣು ಹಳದಿಯಾಗಿಯೇ ಉಳಿದವು.

ಆಗ ಹುಬ್ಬಳ್ಳಿಗೆ ಹೋದರು. ಅಲ್ಲಿಯ ಡಾಕ್ಟರು ಪಕ್ಕೆಗೆ ಸೂಜಿ ಹಾಕಿ ಲಿವರಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹದಿನೈದು ದಿನದ ಮೇಲೆ ಚನ್ನವೀರಪ್ಪನೊಬ್ಬನನ್ನೇ ಒಳಗೆ ಕರೆದು ಕೂಡಿಸಿದರು.

“ಇದು ನೀವು ತಿಳಕೊಂಡ ಕಾಮಣಿ ಅಲ್ರಿ. ಲಿವರಿನ ಒಳಗ ಪಿತ್ತ ಹರಿಯೋ ಸಣ್ಣ ಸಣ್ಣ ಕಾಲುವಿ ಇರತಾವು. ಅವು ಒಂದೊಂದಾಗಿ ಹಾಳಾಗಾಕತ್ತಾವು. ಪಿತ್ತ ಒಳಗ ನಿಂತು ಲಿವರನ್ನ ತಿಂತೈತಿ. ಅದಕ್ಕ ಈ ತುರಿಕಿ.”

“ಔಷಧ ಐತೇನ್ರಿ?”

ಡಾಕ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಹೊರದೇಶದಲ್ಲಿ ಈಗೀಗ ಒಂದು ಔಷಧ ಕೊಟ್ಟು ನೋಡುತ್ತಿದ್ದಾರೆ, ಅದೂ ಒಂದು ಬಗೆಯ ಪಿತ್ತವೇ, ಒಳ್ಳೆಯ ಜಾತಿಯದು, ಕೆಟ್ಟದ್ದನ್ನು ಹೊರಗೆ ದಬ್ಬುತ್ತದೆ ಎಂದರು. ಜರ್ಮನಿಯಲ್ಲಿರುವ ತಮ್ಮ ಗೆಳೆಯರಿಂದ ತರಿಸಿಕೊಡುವುದಾಗಿಯೂ ಹೇಳಿದರು. ಬೇರುಸಹಿತ ಹೋಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಬೇನೆ ಮುಂದಕ್ಕೆ ಹೋಗುವುದನ್ನು ತಡೆದೀತು, ದಿನವೂ ತಪ್ಪದೆ ತಗೊಳ್ಳಬೇಕು, ಬಹುಶಃ ಇರುವವರೆಗೂ. ಆಮೇಲೆ ಚನ್ನವೀರಪ್ಪನ ಹಣೆಯನ್ನೊಮ್ಮೆ ನೋಡಿದರು.

“ನಿಮ್ಮ ವಿಭೂತಿ ನೋಡಿ ಒಂದು ಮಾತು ಹೇಳಬೇಕಾಗೇತಿ. ಮುಚ್ಚಿಡೂದು ನನಗ ಸರಿ ಅನಸೂದಿಲ್ಲ. ಅದನ್ನ ದನದ ಪಿತ್ತದಿಂದ ಮಾಡತಾರ.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಅವತ್ತು ಮಗುಚಿ ಬಿತ್ತು.

ಶಿವಬಸವ್ವ ಕೊರಳಲ್ಲಿ ಲಿಂಗವಿದ್ದವಳು; ಅದೂ ಹೆಸರಿಗಲ್ಲ. ಸಕ್ಕರೆಯನ್ನು ಎಲುಬಿನ ಪುಡಿ ಹಾಕಿ ಬೆಳ್ಳಗೆ ಮಾಡುತ್ತಾರೆಂದು ಯಾರೋ ಹೇಳಿದ ದಿನವೇ ಡಬ್ಬಿಯ ಸಕ್ಕರೆಯನ್ನು ಇರುವೆಗಳಿಗೆ ಸುರಿದು ಬಂದಿದ್ದಳು. ಅಂದಿನಿಂದ ಆ ಮನೆಯಲ್ಲಿ ಬೆಲ್ಲದ ಚಹಾ. ಹಿತ್ತಲ ಆಕಳು ಗೌರಿಗೆ ಮೊದಲ ರೊಟ್ಟಿ ಹಾಕದೆ ತಾನು ತುತ್ತೆತ್ತಿದವಳಲ್ಲ. ಅಂಥವಳ ಮುಂದೆ ನಿಂತು, ಇದು ದನದ ಪಿತ್ತ, ನುಂಗು ಎನ್ನುವುದು ಹೇಗೆ? ಸತ್ತರೂ ನುಂಗುವುದಿಲ್ಲ ಎನ್ನುತ್ತಾಳೆ, ಹಾಗೆಂದಮೇಲೆ ಸತ್ತೇ ಹೋಗುತ್ತಾಳೆ. ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ ಚನ್ನವೀರಪ್ಪ ಕಿಟಕಿಯ ಕಡೆ ಮುಖ ಮಾಡಿ ಅತ್ತ. ಪಕ್ಕದಲ್ಲಿ ಆಕೆ ನಿದ್ದೆ ಮಾಡುತ್ತಿದ್ದಳು.

ಶ್ರಾವಣದಲ್ಲಿ ಔಷಧ ಬಂದಾಗ ಅವನಿಗೆ ಹೊಳೆದದ್ದು ಹುಸೇನಬಿ. ಹೆಸರು ಕೇಳಬಾರದೆಂಬ ಕಟ್ಟಳೆ ಇರುವುದು ಆಕೆಯ ಅಂಗಳದಲ್ಲಿ ಮಾತ್ರ. ಕ್ಯಾಪ್ಸೂಲಿನ ಪೊಟ್ಟಣ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹಂಸಭಾವಿಗೆ ಹೋಗಿ ಆಕೆಯ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳಿದ.

ಮುದುಕಿ ಒಂದು ಕ್ಯಾಪ್ಸೂಲನ್ನು ಅಂಗೈಯಲ್ಲಿ ಬಹಳ ಹೊತ್ತು ಹೊರಳಿಸಿದಳು. “ಹೆಸರು ಹೇಳಬಾರದು ಅನ್ನೂದು ನಮ್ಮ ಅತ್ತಿ ಕೊಟ್ಟ ರಿವಾಜು. ಅದರ ಮರಿಗೆ ನಿನ್ನ ಸುಳ್ಳು ಬಚ್ಚಿಡಾಕ ಬಂದೀಯಲ್ಲೋ ತಮ್ಮಾ.”

“ಆಕಿ ಜೀವ ಉಳಿದ್ರ ಸಾಕವ್ವಾ. ಪಾಪ ನನ್ನ ತಲಿ ಮ್ಯಾಲಿರಲಿ.”

“ನನ್ನ ಎಲಿ ಇದರಾಗ ಕೂಡಸಾಂಗಿಲ್ಲ. ಎಲಿ ಇಲ್ಲಂದ್ರ ಬೆಲ್ಲದಾಗ ಕಟ್ಟಬೇಕು. ಬೆಲ್ಲದಾಗ ಕಟ್ಟಲ್ಯಾ?”

“ಕಟ್ರಿ.”

“ವಿಚಾರ ಮಾಡಿ ಹೇಳು. ನಿನ್ನ ಹೇಣ್ತಿ ತವರುಮನಿ ರಟ್ಟೀಹಳ್ಳಿ ಅಲ್ಲೇನು?”

“ಹೌದ್ರಿ. ಅದಕೂ ಇದಕೂ ಏನು? ಕಟ್ರಿ ಅವ್ವಾ, ಬಸ್ಸಿಗೆ ಹೊತ್ತಾತು.”

ಅವಸರಕ್ಕೆ ಬುದ್ಧಿ ಕಡಿಮೆ. ಹುಸೇನಬಿ ಒಂದು ನಿಟ್ಟುಸಿರು ಬಿಟ್ಟು ಬೆಲ್ಲ ಕುಟ್ಟತೊಡಗಿದಳು. ಅಂದಿನಿಂದ ವಾರಕ್ಕೊಮ್ಮೆ ಅವನು ಹಂಸಭಾವಿಗೆ ಹೋಗುವುದು, ಕ್ಯಾಪ್ಸೂಲಿನೊಳಗಿನ ಬಿಳಿ ಪುಡಿ ಬೆಲ್ಲದೊಳಗೆ ಸೇರಿ ಗುಳಿಗೆಯಾಗುವುದು, ದಿನಕ್ಕೆ ಮೂರರಂತೆ ಶಿವಬಸವ್ವ ಅವನ್ನು ನುಂಗುವುದು ನಡೆಯಿತು. ಮೊದಲ ದಿನ ಗುಳಿಗೆ ಬಾಯಿಗೆ ಹಾಕಿಕೊಂಡಾಗ ಆಕೆ ಗಂಡನನ್ನು ಒಮ್ಮೆ ನೆಟ್ಟಗೆ ನೋಡಿದ್ದಳು. ಸಿಕ್ಕಿಬಿದ್ದೆ ಎಂದು ಚನ್ನವೀರಪ್ಪನ ಜೀವ ಹೋಗಿಬಂತು. ಆಕೆ ನೀರು ಕುಡಿದು ಗುಳಿಗೆಯ ಡಬ್ಬಿ ಮುಚ್ಚಿಟ್ಟಳು.

ದಸರೆಯ ಹೊತ್ತಿಗೆ ತುರಿಕೆ ನಿಂತಿತು. ಕಣ್ಣು ತಿಳಿಯಾಯಿತು. ಶಿವಬಸವ್ವ ಒಮ್ಮೆಲೇ ಹುರುಪಿನಿಂದ ಓಡಾಡತೊಡಗಿದಳು. ಮಗಳು ಹಾಲವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಉಪ್ಪಿನಕಾಯಿಯ ಹದ, ಹಪ್ಪಳದ ಹಿಟ್ಟಿನ ಹದ ಎಲ್ಲ ಹೇಳಿಕೊಟ್ಟಳು. ಮದುವೆಯ ಇಳಕಲ್ ಸೀರೆಯನ್ನು ತಂಗಿಗೆ ಕೊಟ್ಟಳು. ಪೆಟ್ಟಿಗೆಯ ಕೀಲಿಕೈ ಹಾಲವ್ವನ ಸೊಂಟಕ್ಕೆ ಹೋಯಿತು. ಅವನು ಮನೆಯ ಹೊಲದಲ್ಲಿ ಹಿಂಗಾರಿ ಬಿತ್ತನೆಗೆ ಹೊರಟಾಗ, “ಅತ್ತಿಯವರ ಗದ್ದಿಗಿ ಹಂತ್ಯಾಕ ಆ ಮೂಲಿ ಐತೆಲ್ಲ, ಅಲ್ಲಿ ಈ ಸಲ ಬಿತ್ತಬ್ಯಾಡ್ರಿ” ಎಂದಳು. ತನ್ನ ತಾಯಿಯ ಸಮಾಧಿಯ ಪಕ್ಕದ ಆ ಮೂಲೆಯಲ್ಲಿ ಮೇವಿನ ಬಣವೆ ಒಟ್ಟಲು ಜಾಗ ಬೇಕೇನೋ ಎಂದುಕೊಂಡು ಅವನು ಬಿತ್ತಲಿಲ್ಲ. ಹೆಂಡತಿಗೆ ಸಂಸಾರದ ಮೇಲೆ ಮತ್ತೆ ಮನಸ್ಸು ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದ. ಎಂಥ ಹುಚ್ಚಪ್ಪ.

ಇಂದು ಮತ್ತೆ ಆ ದಿಂಡಿನ ಸದ್ದು.

ಅಂಗಡಿಗೆ ಹೋಗದೆ ಸೀದಾ ಹಂಸಭಾವಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕೈ ಮುಗಿದುಕೊಂಡೇ ಕೂತಿದ್ದ. ಹುಸೇನಬಿ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದಳು.

“ತುರಿಕಿ ತಿರುಗಿ ಬಂತವ್ವಾ” ಎಂದವನೇ ಆಕೆಯ ಮುಂದೆ ಕೂತ.

ಆಕೆ ಅವನ ಮುಖ ನೋಡಿ ಒಂದೇ ಮಾತು ಕೇಳಿದಳು. “ಆಕಿ ಗುಳಿಗಿ ತಿನ್ನಾಕತ್ತಾಳೇನು? ನೀ ಕಣ್ಣಾರೆ ನೋಡೀಯೇನು?”

ಮೊದಮೊದಲು ನೋಡುತ್ತಿದ್ದ. ಗುಣವಾದ ಮೇಲೆ ನೋಡುವುದನ್ನು ಬಿಟ್ಟಿದ್ದ. ಡಬ್ಬಿ ಖಾಲಿಯಾಗುತ್ತಿತ್ತು, ಅಷ್ಟು ಸಾಕಾಗಿತ್ತು.

“ಯಾಕ ತಿನ್ನೂದಿಲ್ಲ, ಅವ್ವಾ?”

ಹುಸೇನಬಿ ಸೆರಗಿನಿಂದ ಮುಖ ಒರೆಸಿಕೊಂಡಳು. “ನಾ ಯಾರಿಗೂ ಬಾಯಿ ಬಿಟ್ಟು ಹೇಳಿದ್ದಲ್ಲ ಇದು. ಹೆಂಗಸರಿಗೆಲ್ಲ ಗೊತ್ತೈತಿ, ಗಂಡಸರಿಗೆ ಗೊತ್ತಿಲ್ಲ. ಮೂರು ಐತವಾರಕ್ಕ ಕಾಮಣಿ ಇಳೀಲಿಲ್ಲ ಅಂದ್ರ ನನ್ನ ಎಲಿ ಸೋತಂಗ. ಆ ಮನಶಾಗ ಉಳಿಗಾಲ ಇಲ್ಲ ಅಂತ ನನಗ ತಿಳೀತೈತಿ. ಆದರ ಬಂದವರನ್ನ ಬರಿಗೈಲೆ ಹ್ಯಾಂಗ ಕಳಸಲಿ? ಬೆಲ್ಲದ ಗುಳಿಗಿ ಕಟ್ಟಿ ಕೊಡತೇನಿ. ಅದರಾಗ ಔಷಧ ಇರೂದಿಲ್ಲ. ಸಮಾಧಾನ ಅಷ್ಟ. ನಿನ್ನ ಹೇಣ್ತಿ ಅವ್ವಗ, ರಟ್ಟೀಹಳ್ಳಿಯಾಕಿಗೆ, ಕಾಮಣಿ ಆಗಿದ್ದಾಗ ಹಂಗ ಕೊಟ್ಟಿದ್ದೆ. ನಿನ್ನ ಹೇಣ್ತಿ ಆವಾಗ ಸಣ್ಣ ಹುಡುಗಿ. ಗುಳಿಗಿ ಒಯ್ಯಾಕ ಆಕೀನ ಬರತಿದ್ದಳು.”

ಹೆದರಿದವನ ಮೇಲೆ ಹಾವೆಸೆದಂತಾಯಿತು ಚನ್ನವೀರಪ್ಪನಿಗೆ. ಉಪ್ಪಿನಕಾಯಿಯ ಹದ, ಇಳಕಲ್ ಸೀರೆ, ಕೀಲಿಕೈ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದು ನಿಂತವು. ಗದ್ದಿಗೆಯ ಪಕ್ಕದ ಮೂಲೆ ಯಾತಕ್ಕೆ ಖಾಲಿ ಬಿಡಿಸಿದ್ದಾಳೆಂದು ಈಗ ತಿಳಿಯಿತು. ಬಣವೆಗಲ್ಲ. ಐದು ತಿಂಗಳಿಂದ ಅವನು ದಿನಕ್ಕೆ ಮೂರರಂತೆ ಆಕೆಗೆ ತಂದುಕೊಟ್ಟದ್ದು ಔಷಧವಲ್ಲ, ನೀನು ಸಾಯುತ್ತೀ ಎಂಬ ಮಾತು.

“ನನಗ್ಯಾಕ ಹೇಳಲಿಲ್ರಿ ಅವ್ವಾ?”

“ಎರಡು ಸಲ ಕೇಳಿದೆ ತಮ್ಮಾ, ಬೆಲ್ಲದಾಗ ಕಟ್ಟಲ್ಯಾ ಅಂತ. ನಿನಗ ಬಸ್ಸಿಂದ ಚಿಂತಿ ಆಗಿತ್ತು. ನಂದೂ ತಪ್ಪೈತಿ. ಮೂರನೇ ಸಲ ಕೇಳಬೇಕಾಗಿತ್ತು.”

ಮರಳಿ ಬರುವ ಬಸ್ಸು ಎತ್ತಿನ ಗಾಡಿಗಿಂತ ನಿಧಾನವಾಗಿ ನಡೆದಂತೆನಿಸಿತು. ಹತ್ತುವವರನ್ನೂ ಇಳಿಯುವವರನ್ನೂ ಚನ್ನವೀರಪ್ಪ ಮನಸ್ಸಿನಲ್ಲೇ ಬೈದ. ಹಿರೇಕೆರೂರಿನಲ್ಲಿ ಇಳಿದವನು ವಯಸ್ಸು ಮರೆತು ಓಡಿದ. ಮನೆಯಲ್ಲಿ ಹಾಲವ್ವ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು. “ಅವ್ವ ಹಿತ್ತಲದಾಗದಾಳು” ಎಂದಳು.

ಶಿವಬಸವ್ವ ದನದ ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ತಿಂಗಳ ಹಿಂದೆ ಈದಿದ್ದ ಗೌರಿ ಆಕೆಯ ಅಂಗೈ ನೆಕ್ಕುತ್ತಿತ್ತು. ಮಧ್ಯಾಹ್ನದ ಗುಳಿಗೆ ಆ ಅಂಗೈಯಲ್ಲಿತ್ತು; ಅವನು ನೋಡುತ್ತಿದ್ದಂತೆಯೇ ಆಕಳಿನ ನಾಲಗೆ ಅದನ್ನು ಎಳೆದುಕೊಂಡಿತು.

“ಏನ್ ಮಾಡಾಕತ್ತೀ!” ಎಂದು ಕೂಗಿದ. ಕರು ಬೆಚ್ಚಿ ಹಿಂದೆ ಸರಿಯಿತು.

ಆಕೆ ಬೆಚ್ಚಲಿಲ್ಲ. “ಬಾಣಂತಿ ಆಕಳ ಐತ್ರಿ. ಬೆಲ್ಲ ತಿಂದ್ರ ಹಾಲಾದ್ರೂ ಬರತಾವು. ನಾ ತಿಂದ್ರ ಏನು ಬಂತು? ಇಷ್ಟು ದಿನ ನಿಮ್ಮ ಮನಸ್ಸಿಗೆ ಸಮಾಧಾನ ಆಗಲಿ ಅಂತ ತಿಂದೆ. ಇನ್ನ ಸಾಕು.”

“ನಿನಗ ಗುಣ ಆಗಿತ್ತಲ್ಲ! ತುರಿಕಿ ನಿಂತಿತ್ತು, ಕಣ್ಣು ತಿಳಿ ಆಗಿದ್ವು...”

“ಆರೂ ದೀಪ ಜೋರಾಗಿ ಉರೀತೈತ್ರಿ. ನಮ್ಮವ್ವನೂ ಹಿಂಗ ಮಾಡಿದಳು. ಸಾಯೂ ಮುಂದ ಎಂಟು ದಿನ ಎದ್ದು ಅಡಿಗಿ ಮಾಡಿದಳು.” ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಕಡೆ ತಿರುಗಿದಳು. “ನೀವು ಯಾಕ ಹೇಳಲಿಲ್ರಿ? ಮೊದಲನೇ ಗುಳಿಗಿ ಬಾಯಾಗ ಇಟ್ಟಾಗ ನನಗ ತಿಳೀತು. ಈಗ ಹೇಳತಾರ, ನಾಳೆ ಹೇಳತಾರ ಅಂತ ನಿಮ್ಮ ಮಾರಿ ನೋಡಿ ನೋಡಿ ಸಾಕಾತು. ಹಾಲವ್ವನ ಲಗ್ನ ನೋಡತೇನೋ ಇಲ್ಲೋ ಅಂತ ಒಬ್ಬಾಕೀನ ಅಂಜಿಕೊಂತ ಕುಂತೇನ್ರಿ ನಾ.”

ಚನ್ನವೀರಪ್ಪ ಸಗಣಿಯ ನೆಲದ ಮೇಲೆಯೇ ಕೂತುಬಿಟ್ಟ. ಹೇಳಿದರೆ ಔಷಧ ಬಿಡುತ್ತಾಳೆ. ಹೇಳದಿದ್ದರೆ ಬಿಟ್ಟೇ ಬಿಟ್ಟಿದ್ದಾಳೆ. ಹಿಂದೆ ಮುಂದೆ ಎರಡೂ ಕಡೆ ಬಾವಿ. ಕಣ್ಣು ಮುಚ್ಚಿಕೊಂಡು ಹೇಳಿದ. ಡಾಕ್ಟರು ಹೇಳಿದ್ದು, ಜರ್ಮನಿಯ ಪೊಟ್ಟಣ, ಬಿಳಿ ಪುಡಿ, ಬೆಲ್ಲ, ಕೊನೆಗೆ ಅದು ಯಾತರಿಂದ ಮಾಡಿದ್ದು ಎಂಬುದು. ಹೇಳಿ ಮುಗಿದಮೇಲೂ ಕಣ್ಣು ತೆಗೆಯಲು ಧೈರ್ಯವಾಗಲಿಲ್ಲ.

“ದನದ್ದು?” ಎಂದಳು ಆಕೆ.

“ಹೂಂ.”

“ನಾ ಅದನ್ನ ಗೌರಿ ಬಾಯಾಗ ಇಟ್ಟೆ? ತಿಂಗಳಿಂದ?”

ಕೊರಳಲ್ಲಿ ಲಿಂಗವಿಟ್ಟುಕೊಂಡ ಬೆಳ್ಳಿಯ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದಳು. ಗೌರಿಯ ಮುಖ ನೋಡಲಿಲ್ಲ, ಗಂಡನ ಮುಖ ನೋಡಲಿಲ್ಲ. ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡದ್ದು ಹೊರಗೆ ಕೇಳಿಸಿತು. ಆಮೇಲೆ ದೇವರ ಕೋಣೆಯ ಬಾಗಿಲು ಮುಚ್ಚಿತು.

ಶಿವಬಸವ್ವನ ಲಿಂಗಪೂಜೆ ಎಂದರೆ ಒಂದು ಎಸರು ಅನ್ನ ಬೇಯುವಷ್ಟು ಹೊತ್ತು. ಅವತ್ತು ಅನ್ನ ಬೆಂದಿತು, ಸಾರು ಕುದಿಯಿತು, ಹಾಲವ್ವ ರೊಟ್ಟಿಯನ್ನೆಲ್ಲ ಬಡಿದು ಒಲೆಯ ಮುಂದೆ ಸುಮ್ಮನೆ ಕೂತಳು, ಬಾಗಿಲು ತೆರೆಯಲಿಲ್ಲ. ಚನ್ನವೀರಪ್ಪ ಹೊಸ್ತಿಲ ಹೊರಗೆ ಪೊಟ್ಟಣ ಹಿಡಿದುಕೊಂಡು ಕೂತಿದ್ದ. ಒಳಗೆ ಅಳುವಿಲ್ಲ, ಮಂತ್ರವಿಲ್ಲ. ಬಾಗಿಲು ಬಡಿಯಬೇಕೆಂದು ಎರಡು ಸಲ ಕೈ ಎತ್ತಿದ, ಎರಡು ಸಲವೂ ಇಳಿಸಿದ. ಸಾವು ಅವನಿಗೆ ಯಾವತ್ತೂ ಅಷ್ಟು ಹತ್ತಿರ ಕಂಡಿರಲಿಲ್ಲ. ಅದು ಒಂದು ಬಾಗಿಲಿನ ಆಚೆ ಕೂತು ಪೂಜೆ ಮಾಡುತ್ತಿತ್ತು.

ಬಾಗಿಲು ತೆರೆಯಿತು. ಹಣೆತುಂಬ ವಿಭೂತಿ, ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಶಿವನ ಮುಂದ ಹೇಳಿದೆ” ಎಂದಳು. “ದನದ್ದು ಅಂತ ಬಿಚ್ಚಿ ಹೇಳಿದೆ. ಆತ ಏನೂ ಅನ್ನಲಿಲ್ಲ. ನೀವೂ ಐದು ತಿಂಗಳು ಏನೂ ಅನ್ನಲಿಲ್ಲ.”

ಚನ್ನವೀರಪ್ಪ ಪೊಟ್ಟಣ ಹಿಡಿದುಕೊಂಡೇ ಎದ್ದು ನಿಂತ.

ಆಕೆ ಅವನ ಬಲಗೈ ಹಿಡಿದೆಳೆದು ಕೊರಳ ಕರಡಿಗೆಯ ಮೇಲೆ ಇಟ್ಟುಕೊಂಡಳು. ಬೆಳ್ಳಿ ತಣ್ಣಗಿತ್ತು. “ಇದನ್ನ ಮುಟ್ಟಿ ಹೇಳ್ರಿ. ಅದನ್ನ ನುಂಗಿದ್ರ ನಾ ಬದಕತೇನೇನು?”

ಬದುಕುತ್ತೀ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಐದು ತಿಂಗಳ ರೂಢಿ ಅದು. ಒಂದು ಮಾತು, ಆಕೆ ನುಂಗುತ್ತಾಳೆ, ಎಲ್ಲ ಸರಿಹೋಗುತ್ತದೆ. ಅವನು ಆ ಮಾತನ್ನು ನುಂಗಿಕೊಂಡ.

“ಗೊತ್ತಿಲ್ಲ” ಎಂದ. “ಡಾಕ್ಟರಿಗೂ ಗೊತ್ತಿಲ್ಲ. ಬ್ಯಾನಿ ಮುಂದ ಹೋಗೂದನ್ನ ತಡೀಬಹುದು ಅಂದಾರ, ಅಷ್ಟ. ದಿನಾ ತಗೋಬೇಕಂತ, ಇರೂತನಕ. ನನಗ ಬಾಳ ಅಂಜಿಕಿ ಆಗೇತಿ, ಬಸವ್ವಾ.”

ಆಕೆ ಅವನ ಮುಖವನ್ನೇ ನೋಡಿದಳು. ಅವನು ಹತ್ತಿ ನೋಡುವಾಗ ನೋಡುತ್ತಿದ್ದ ಹಾಗೆ, ಅಡಿಯವರೆಗೆ.

“ನನಗೂ” ಎಂದಳು. ಆಮೇಲೆ ಅಂಗೈ ಚಾಚಿದಳು. “ಕೊಡ್ರಿ. ಬೆಲ್ಲ ಬ್ಯಾಡ.”

ಅವನು ಪೊಟ್ಟಣ ಚಾಚಿದ, ಆಕೆಯೇ ಬಿಚ್ಚಿದಳು. ಕ್ಯಾಪ್ಸೂಲನ್ನು ನಾಲಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, ಮುಖ ಕಿವುಚಿ, ನೀರು ಕುಡಿದಳು. ಎಲ್ಲಿ ಕಾರಿಬಿಡುತ್ತಾಳೋ ಎಂದು ಚನ್ನವೀರಪ್ಪ ನೋಡುತ್ತ ನಿಂತಿದ್ದ. ಆಕೆ ಎದೆ ಸವರಿಕೊಂಡು ಸ್ವಲ್ಪ ಹೊತ್ತು ಗೋಡೆಗೊರಗಿ ನಿಂತಳು.

“ಗೌರಿ ಮುಂದ ಹೋಗಿ ತಪ್ಪಾತು ಅಂತ ಹೇಳಿ ಬರಬೇಕು” ಎಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. “ಆ ಗದ್ದಿಗಿ ಹಂತೇಲಿ ಮೂಲಿ ಖಾಲಿ ಬಿದ್ದೈತೆಲ್ರಿ. ಅಲ್ಲಿ ಈಗ ಏನಾದ್ರೂ ಬಿತ್ತಾಕ ಬರತೈತೇನು?”

“ಈಗ ಹೊತ್ತು ಮೀರೇತಿ. ಕಡ್ಲೀನೂ ಆಗಂಗಿಲ್ಲ.”

“ಹಂಗಾರ ಮುಂಗಾರಿಗೆ ಬಿತ್ತೋಣು” ಎಂದಳು ಶಿವಬಸವ್ವ.

ಚನ್ನವೀರಪ್ಪ ಹೂಂ ಎಂದ. ಮುಂಗಾರಿಗೆ ಇನ್ನೂ ಐದು ತಿಂಗಳಿತ್ತು.